640 ರೂಪಾಯಿಯ ಇ.ಎಂ.ಪಿ. ಕಿಟ್: ಗೋಡೆ ಗಡಿಯಾರ ಈಗಲೂ ಓಡುತ್ತಿದೆ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ. ತೋಟದ ಕೆಲಸ ಮುಗಿಸಿ ಸಂಜೆ ಸೋಲ್ಡರಿಂಗ್ ಐರನ್ ಹಿಡಿದು ಕೂರುವುದು ನನ್ನ ಹಳೇ ಚಟ. ರಜೆಗೆ ಬಂದಿದ್ದ ತಂಗಿಯ ಮಗ ಒಂದು ವಿಡಿಯೋ ತೋರಿಸಿದ. ಯಾರೋ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಒತ್ತುತ್ತಾನೆ, ಎದುರಿನ ಕ್ಯಾಲ್ಕುಲೇಟರ್ ಸತ್ತು ಹೋಗುತ್ತದೆ. 'ಮಾವ, ಇದು ಇದ್ರೆ ದೂರದಿಂದಲೇ ಮೊಬೈಲ್ ಆಫ್ ಮಾಡ್ಬಹುದಂತೆ, ಹೌದಾ?' ಆಗುವುದಿಲ್ಲ ಅಂತ ಗೊತ್ತಿತ್ತು. ಆದರೂ ಕೈ ತಡೆಯಲಿಲ್ಲ. ಇಂಥದ್ದೇ ಒಂದು ಇ.ಎಂ.ಪಿ. (ಎಲೆಕ್ಟ್ರೋಮ್ಯಾಗ್ನೆಟಿಕ್ ಪಲ್ಸ್, ಅಂದರೆ ಎಲೆಕ್ಟ್ರಾನಿಕ್ ಸಾಮಾನು ಕೆಡಿಸಬಲ್ಲ ವಿದ್ಯುತ್ಕಾಂತೀಯ ಹೊಡೆತ) ಕಿಟ್ಟನ್ನು ಆನ್‌ಲೈನಲ್ಲಿ 640 ರೂಪಾಯಿ ಕೊಟ್ಟು ತರಿಸಿದೆ.

ಆರು ದಿನಕ್ಕೆ ಬಂತು. ಒಳಗೆ ಬ್ಯಾಟರಿಯ ಸಣ್ಣ ವೋಲ್ಟೇಜನ್ನು ಏರಿಸುವ ಒಂದು ಹೈ ವೋಲ್ಟೇಜ್ ಮಾಡ್ಯೂಲ್, ಬ್ಯಾಟರಿ ಹೋಲ್ಡರ್, ಒತ್ತುವ ಸ್ವಿಚ್, ಸುತ್ತಿಟ್ಟ ತಾಮ್ರದ ವೈಂಡಿಂಗ್ ವಯರ್. ಯಾವ ವಯರ್ ಪ್ಲಸ್, ಯಾವುದು ಮೈನಸ್ ಅಂತ ಹೇಳುವ ಒಂದು ಚೀಟಿ ಕೂಡ ಇಲ್ಲ. ಇಂಥ ಮಾಡ್ಯೂಲಿಗೆ ಬ್ಯಾಟರಿ ಉಲ್ಟಾ ಕೊಟ್ಟರೆ ಅಲ್ಲಿಗೇ ಅದರ ಕಥೆ ಮುಗಿಯುತ್ತದೆ. ಹೋಲ್ಡರಿನ ವಯರಂತೂ ಕೂದಲಿನಷ್ಟು ತೆಳು. ಮಾಡ್ಯೂಲು ಎರಡು ಮೂರು ಆಂಪಿಯರ್ ಎಳೆಯುತ್ತದೆ, ವಯರ್ ಬಿಸಿಯಾಗಿ ಮೆತ್ತಗಾಯಿತು. ಹಳೇ ಇನ್ವರ್ಟರಿನ ದಪ್ಪ ವಯರ್ ಹಾಕಿಕೊಂಡೆ.

ಡಬ್ಬಿಯ ಮೇಲೆ '4,00,000 ವೋಲ್ಟ್' ಅಂತ ಬರೆದಿದೆ. ಇದನ್ನು ಅಳೆಯಲು ದೊಡ್ಡ ಮೀಟರ್ ಬೇಕಿಲ್ಲ, ಸ್ಕೇಲು ಸಾಕು. ಒಣ ಗಾಳಿಯಲ್ಲಿ ಸ್ಪಾರ್ಕ್ ಹಾರಲು ಒಂದು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಬೇಕು. ನಾಲ್ಕು ಲಕ್ಷ ಇದ್ದಿದ್ದರೆ ಸ್ಪಾರ್ಕು ಅರ್ಧ ಗೇಣಿಗಿಂತ ಉದ್ದ ಹಾರಬೇಕಿತ್ತು. ಹಾರಿದ್ದು 12 ಮಿಲಿಮೀಟರ್. ಅಂದರೆ ಹೆಚ್ಚೆಂದರೆ 36,000. ವಯರಿನ ತುದಿ ಚೂಪಾಗಿರುವುದರಿಂದ ನಿಜ ಲೆಕ್ಕ ಅದಕ್ಕಿಂತಲೂ ಕಡಿಮೆ. ಇನ್ನೂ ದೂರ ಹಾರಿಸುತ್ತೇನೆ ಅಂತ ತುದಿಗಳನ್ನು ಅಗಲಿಸಬೇಡಿ, ಮಾಡ್ಯೂಲಿನ ಒಳಗೇ ಸ್ಪಾರ್ಕ್ ಆಗಿ ಸುಟ್ಟು ಹೋಗುತ್ತದೆ.

ಆದರೆ ಸ್ಪಾರ್ಕ್ ಮಾತ್ರ ಚಂದ, ಸುಳ್ಳು ಹೇಳಬಾರದು. ಕೋಣೆ ಕತ್ತಲೆ ಮಾಡಿ ನೋಡಿದೆವು. ನೇರಳೆ ಬಣ್ಣದ ದಾರದ ಹಾಗೆ, ಚಟಚಟ ಅಂತ, ಒಂದು ಕಡೆ ನಿಲ್ಲದೆ ಅಲುಗಾಡುತ್ತದೆ. ಹಳೇ ಜೆರಾಕ್ಸ್ ಅಂಗಡಿಯೊಳಗೆ ಬರುವ ವಾಸನೆ ಬಂತು. ಅದು ಓಜೋನ್. ಹತ್ತಿರ ಟೆಸ್ಟರ್ ಹಿಡಿದರೆ ಮುಟ್ಟಿಸದೆಯೇ ಅದರ ನಿಯಾನ್ ಬಲ್ಬು ಉರಿಯುತ್ತದೆ. ಹೋಲ್ಡರಿನಿಂದ ಬಿಚ್ಚಿದ ಸಿ.ಎಫ್.ಎಲ್. ಕೂಡ ಕೈಯಲ್ಲೇ ಮಂಕಾಗಿ ಬೆಳಗಿತು. ಹುಡುಗನ ಬಾಯಿ ಮುಚ್ಚಲೇ ಇಲ್ಲ.

ಇನ್ನು ಅಸಲಿ ಪರೀಕ್ಷೆ. ಕ್ಯಾಲ್ಕುಲೇಟರನ್ನು ಒಂದು ಇಂಚು ಹತ್ತಿರ ಇಟ್ಟಾಗ ಅಂಕೆಗಳು ಹುಚ್ಚು ಹಿಡಿದ ಹಾಗೆ ಕುಣಿದವು. ಆಫ್ ಮಾಡಿ ಆನ್ ಮಾಡಿದರೆ ಸರಿ. ಒಂದು ಅಡಿ ದೂರದಲ್ಲಿ ಅದಕ್ಕೆ ಏನೂ ಗೊತ್ತೇ ಆಗಲಿಲ್ಲ. ಹಳೇ ಕೀಪ್ಯಾಡ್ ಮೊಬೈಲು ಒಮ್ಮೆ ಹ್ಯಾಂಗ್ ಆಯಿತು, ಬ್ಯಾಟರಿ ತೆಗೆದು ಹಾಕಿದೆ, ಎದ್ದಿತು. ಗೋಡೆ ಗಡಿಯಾರ ಒಂದು ಸೆಕೆಂಡ್ ಕೂಡ ತಪ್ಪಲಿಲ್ಲ. ಹುಡುಗ ತನ್ನ ಸ್ವಂತ ಮೊಬೈಲನ್ನು ಕೊಡಲೇ ಇಲ್ಲ, ಜಾಣ!

ಕಾರಣ ಸುಲಭ. ಸ್ಪಾರ್ಕ್ ಹಾರುವಾಗ ತಾಮ್ರದ ಸುರುಳಿಯಲ್ಲಿ ಏಳುವ ಕಾಂತಶಕ್ತಿ ದೂರ ಹೋದ ಹಾಗೆ ಬೇಗ ಬತ್ತುತ್ತದೆ. ದೂರ ಎರಡು ಪಟ್ಟಾದರೆ ಎಂಟನೇ ಒಂದು ಪಾಲು, ಹತ್ತು ಪಟ್ಟಾದರೆ ಸಾವಿರದ ಒಂದು ಪಾಲು. ಅದಕ್ಕೇ ಆ ವಿಡಿಯೋದವರು ಡಬ್ಬಿಯನ್ನು ಕ್ಯಾಲ್ಕುಲೇಟರಿನ ಮೂಗಿಗೆ ತಾಗಿಸುವ ಹಾಗೆ ಹಿಡಿದು ತೋರಿಸುವುದು. ಮಾರುವವರಿಗೆ ಬರೆದು ಕೇಳಿದೆ. 'ಇನ್ನೂ ಹತ್ತಿರ ಹಿಡಿಯಿರಿ ಸರ್' ಅಂತ ಉತ್ತರ ಬಂತು. ಅಷ್ಟು ಹತ್ತಿರ ಹೋಗುವುದಾದರೆ ಕೈಯಲ್ಲೇ ಆಫ್ ಮಾಡಬಹುದಲ್ಲ ಮಾರಾಯ್ರೆ!

ದೂರದಿಂದಲೇ ತೊಂದರೆ ಆದದ್ದು ಒಂದಕ್ಕೇ, ರೇಡಿಯೋಗೆ. ಆಚೆ ಮನೆಯ ಅಜ್ಜ ಅಂಗಳದಿಂದಲೇ ಕೂಗಿದರು, 'ಎಂತ ಮಾರಾಯ, ರೇಡಿಯೋ ಇಡೀ ಕರಕರ ಹೇಳ್ತದೆ!' ಇದು ಹೊಸ ವಿದ್ಯೆಯೇನಲ್ಲ. ಜರ್ಮನಿಯ ಹರ್ಟ್ಸ್ 1887ರಲ್ಲಿ ರೇಡಿಯೋ ತರಂಗ ಎಬ್ಬಿಸಿದ್ದು ಹೀಗೇ ಸ್ಪಾರ್ಕ್ ಹಾರಿಸಿ. ಈಗ ಅಕ್ಕಪಕ್ಕದವರಿಗೆ ತೊಂದರೆ ಆಗುವ ಹಾಗೆ ತರಂಗ ಎಬ್ಬಿಸಿದರೆ ಕಾನೂನು ಅಡ್ಡ ಬರುತ್ತದೆ. ಅಜ್ಜನಂತೂ ಮೊದಲೇ ಬಂದರು.

ನಿಜವಾದ ಇ.ಎಂ.ಪಿ. ನೋಡಬೇಕಿದ್ದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ನಮ್ಮ ಕಡೆ ಬನ್ನಿ. ಹೋದ ವರ್ಷ ಗುಡ್ಡೆಯ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ನಮ್ಮ ಮನೆಗೂ ಮರಕ್ಕೂ ಒಂದು ಗದ್ದೆಯ ದೂರ. ಆದರೂ ಮೋಡೆಮ್, ಸೆಟ್‌ಟಾಪ್ ಬಾಕ್ಸ್, ಪಂಪಿನ ಸ್ಟಾರ್ಟರ್ ಮೂರೂ ಹೋದವು. ಮೇಜಿನ ಮೇಲೆ ಸುಮ್ನೆ ಬಿದ್ದಿದ್ದ ಕ್ಯಾಲ್ಕುಲೇಟರಿಗೆ ಏನೂ ಆಗಲಿಲ್ಲ. ಸಿಡಿಲಿನಲ್ಲಿ ಹರಿಯುವುದು ಸುಮಾರು 30,000 ಆಂಪಿಯರ್. ಅದರ ಹೊಡೆತವನ್ನು ಮನೆಯೊಳಗೆ ತಂದದ್ದು ಉದ್ದ ವಯರುಗಳು. 1962ರ ಜುಲೈ 9ರಂದು ಅಮೆರಿಕದವರು ಪೆಸಿಫಿಕ್ ಸಮುದ್ರದ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಅಣುಬಾಂಬು ಸಿಡಿಸಿದಾಗ ಸುಮಾರು 1,450 ಕಿಲೋಮೀಟರ್ ಆಚೆಯ ಹವಾಯಿಯಲ್ಲಿ ಕೆಲವು ಬೀದಿದೀಪಗಳು ಆರಿದ್ದವು. ಅದಕ್ಕೆ 14 ಲಕ್ಷ ಟನ್ ಸ್ಫೋಟಕದ ಬಲ ಬೇಕಾಯಿತು. ನನ್ನ ಕಿಟ್ಟಿನಲ್ಲಿ ಇರುವುದು ಬೆರಳುದ್ದದ ಒಂದು ಲಿಥಿಯಂ ಸೆಲ್ಲು (18650).

ಮಕ್ಕಳ ಕೈಗೆ ಒಂಟಿಯಾಗಿ ಕೊಡುವ ಸಾಮಾನಲ್ಲ ಇದು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಬೇಡವೇ ಬೇಡ. ಇದಕ್ಕೆ ದೊಡ್ಡ ಕೆಪಾಸಿಟರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಬಿಡಿಭಾಗ) ಸೇರಿಸಿ 'ಪವರ್' ಜಾಸ್ತಿ ಮಾಡುವ ಹುಚ್ಚಿಗೂ ಹೋಗಬೇಡಿ. ಕಾಲೇಜಿನಲ್ಲಿದ್ದಾಗ ಬ್ಯಾಟರಿ ತೆಗೆದಿಟ್ಟ ಕ್ಯಾಮೆರಾ ಫ್ಲಾಶಿನ ಕೆಪಾಸಿಟರ್ ಮುಟ್ಟಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದವನು ನಾನು. ಅದರಲ್ಲಿ ಉಳಿದಿದ್ದದ್ದು ಬರೇ 300 ವೋಲ್ಟ್.

ಇ.ಎಂ.ಪಿ. ಅಂತ ತೆಗೆದುಕೊಂಡರೆ ಐದಕ್ಕೆ ಒಂದು ಸ್ಟಾರೂ ಇಲ್ಲ. ಸ್ಪಾರ್ಕ್ ಆಟಿಕೆ ಅಂತ ಮೂರು. ನಾನು ನೋಡಿದಾಗ ಬರೇ ಮಾಡ್ಯೂಲು ಬೇರೆಯಾಗಿ ಇನ್ನೂರರ ಒಳಗೆ ಸಿಗುತ್ತಿತ್ತು, ತಾಮ್ರದ ಸುರುಳಿಗೆ ಸುಮ್ನೆ ದುಡ್ಡು ಹಾಕಬೇಡಿ.

ನನ್ನದು ಈಗ ಬಚ್ಚಲೊಲೆಯ ಪಕ್ಕದಲ್ಲಿದೆ. ಮಳೆಗಾಲದಲ್ಲಿ ಬೆಂಕಿಕಡ್ಡಿ ತಂಡಿ ಹಿಡಿದು ಗೀರಿದರೂ ಹೊತ್ತುವುದಿಲ್ಲ. ತೆಂಗಿನ ನಾರಿಗೆ ಎರಡು ಸೆಕೆಂಡ್ ಸ್ಪಾರ್ಕ್ ಹಿಡಿದರೆ ಸಾಕು, ಹೊಗೆ ಏಳುತ್ತದೆ. ನಾನು ತರಿಸಿದ ಸಾಮಾನುಗಳಲ್ಲಿ ಹೆಂಡತಿ ಬೈಯದೆ ಬಿಟ್ಟದ್ದು ಇದೊಂದೇ.