ಎಳೆಯೋ ಬಾಗಿಲಿನ ವ್ಯಾನು: ಮೂರೂವರೆ ವರ್ಷ ಓಡಿಸಿದ ಮೇಲೆ

ಈ ವ್ಯಾನು ನಮ್ಮ ಮನೆಗೆ ಬಂದಿದ್ದು ಪಕ್ಕಕ್ಕೆ ಸರಿಯುವ ಬಾಗಿಲಿನ ದೆಸೆಯಿಂದ. ಎಂಜಿನ್ ಎಷ್ಟು ಸಿಸಿ, ಉದ್ದ ಎಷ್ಟು, ಅಗಲ ಎಷ್ಟು ಅನ್ನೋದನ್ನೆಲ್ಲ ಬಿಡೋಣ. ಕಂಪನಿ ಹೆಸರನ್ನೂ ಬಿಡುತ್ತೇನೆ, ಮುಂದೆ ಸ್ವಲ್ಪ ಬೈಯೋದಿದೆ. ಏಳು ಸೀಟಿನ ಪೆಟ್ರೋಲ್ ವ್ಯಾನು, 2021ರ ಮಾಡೆಲ್, ಒಂದು ಕೈ ಓಡಿದ್ದು. ನಾನು ಸರ್ಕಾರಿ ಶಾಲೆಯ ಟೀಚರ್. ಕಂತು ನನ್ನ ಸಂಬಳದ ಕಾಲು ಭಾಗ ದಾಟಬಾರದು ಅಂತ ಮೊದಲೇ ಗೆರೆ ಎಳೆದಿದ್ದೆ. ಆ ಗೆರೆಯೊಳಗೆ ಹೊಸ ದೊಡ್ಡ ಗಾಡಿ ಬರುವುದಿಲ್ಲ.

ನಮ್ಮದು ಶಿಡ್ಲಘಟ್ಟ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಊರಿಗೆ ಹೊರಟರೆ ಮೈದುನನೂ ಸೇರಿ ಏಳು. ಅತ್ತೆಗೆ ಎರಡೂ ಮಂಡಿ ನೋವು. ನಮ್ಮ ಹಳೇ ಚಿಕ್ಕ ಕಾರಿನಲ್ಲಿ ಕೂರುವುದು ಅಂದರೆ ಬಾವಿಗೆ ಇಳಿದ ಹಾಗೆ, ಏಳಬೇಕಾದರೆ ಇಬ್ಬರು ಕೈ ಕೊಡಬೇಕಿತ್ತು. ಯಜಮಾನರು ಎತ್ತರದ ಎಸ್‌ಯುವಿ ತೋರಿಸಿದರು. ಅದನ್ನು ಹತ್ತಲು ಅತ್ತೆಗೆ ಸ್ಟೂಲೇ ಬೇಕಾಯಿತು. ವ್ಯಾನು ಅಂದ ತಕ್ಷಣ ಯಜಮಾನರು ಶುರು ಮಾಡಿದರು: "ಸಿನಿಮಾದಲ್ಲಿ ಕಿಡ್ನ್ಯಾಪ್ ಮಾಡ್ತಾರಲ್ಲ, ಆ ಗಾಡೀನೇ ಬೇಕಾ ನಿನಗೆ?" ಪಾಪ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 2019ರಲ್ಲಿ ನಿಲ್ಲುವವರೆಗೆ ಎಷ್ಟು ಮದುವೆ ದಿಬ್ಬಣ, ಎಷ್ಟು ಶಾಲೆ ಮಕ್ಕಳನ್ನು ಹೊತ್ತಿತೋ. ಕೊನೆಗೆ ಉಳಿದಿದ್ದು ಕಿಡ್ನ್ಯಾಪ್ ಹೆಸರು.

ಮಾರುವವರ ಮನೆ ಮುಂದೆ ಅತ್ತೆಯನ್ನೇ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಬಾಗಿಲು ಎಳೆದೆ. ಅವರು ಬೆನ್ನು ತಿರುಗಿಸಿ, ಜಗಲಿ ಮೇಲೆ ಕೂತ ಹಾಗೆ ಸೀಟಿನ ಅಂಚಿಗೆ ಕೂತರು. ಆಮೇಲೆ ಒಂದೊಂದೇ ಕಾಲು ಒಳಗೆ ಇಟ್ಟುಕೊಂಡರು. ಯಾರ ಕೈಯೂ ಬೇಕಾಗಲಿಲ್ಲ. ನಾನು ಟೆಸ್ಟ್ ಡ್ರೈವ್ ಕೂಡ ಅರ್ಧಂಬರ್ಧ ಮಾಡಿ ಅಡ್ವಾನ್ಸ್ ಕೊಟ್ಟೆ. ಅದು ತಪ್ಪು, ಆಮೇಲೆ ಗೊತ್ತಾಯಿತು.

ಬಾಗಿಲಿನ ಸುಖ ನಮ್ಮ ಬೀದಿಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗುವ ಆಟೊ, ಟೆಂಪೊಗಳು ಬೆಳಗ್ಗೆ ಎರಡೂ ಕಡೆ ನಿಂತುಬಿಡುತ್ತವೆ. ಸಾಮಾನ್ಯ ಕಾರಿನ ಬಾಗಿಲು ಅಲ್ಲಿ ಕಾಲು ಭಾಗ ತೆರೆದರೆ ಹೆಚ್ಚು. ನಮ್ಮದು ಗೋಡೆಗೂ ಗಾಡಿಗೂ ಒಂದು ಮೊಳ ಸಂದಿ ಇದ್ದರೂ ಪೂರ್ತಿ ತೆರೆಯುತ್ತದೆ. ರೋಡಿನ ಕಡೆಯ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಬಿಟ್ಟಿದ್ದೇನೆ. ಹತ್ತುವುದು, ಇಳಿಯುವುದು ಎಲ್ಲ ಎಡಗಡೆಯಿಂದಲೇ.

ಬಾಗಿಲು ಹಾಕುವುದಕ್ಕೆ ನಮ್ಮ ಮನೆಯಲ್ಲಿ ಒಂದು ಶಾಸ್ತ್ರ ಇದೆ. ಭಾರದ ಬಾಗಿಲು, ಬೆರಳು ಸಿಕ್ಕಿದರೆ ಕಥೆ ಮುಗಿಯಿತು. ಅದಕ್ಕೇ ಎಳೆಯುವ ಮುಂಚೆ ನಾನು "ಕೈ!" ಅಂತ ಕೂಗುತ್ತೇನೆ. ಒಳಗಿನಿಂದ ಮಕ್ಕಳು "ಕೈ ಇಲ್ಲ!" ಅನ್ನಬೇಕು. ಕೊನೆಗೆ ಅತ್ತೆ, ನಿಧಾನವಾಗಿ, "ನಂದೂ ಇಲ್ಲಮ್ಮ" ಅನ್ನುತ್ತಾರೆ. ಆಮೇಲೆ ಝರ್‍ರ್, ಠಕ್. ಈ ಶಬ್ದ ಎದುರು ಮನೆಯವರಿಗೂ ಬಾಯಿಪಾಠ. ಗಾಡಿ ಮೂತಿ ಇಳಿಜಾರಿಗೆ ಇದ್ದರಂತೂ ಎರಡು ಸಲ ಕೂಗುತ್ತೇನೆ, ಸರಿಯಾಗಿ ಸಿಕ್ಕಿಕೊಳ್ಳದ ಬಾಗಿಲು ತಾನೇ ಮುಂದಕ್ಕೆ ಓಡಿ ಬರುತ್ತದೆ.

ಇಷ್ಟು ಹೊಗಳಿದ ಬಾಗಿಲೇ ಎರಡನೇ ವರ್ಷ ಕೈ ಕೊಟ್ಟಿತು.

ಏಪ್ರಿಲ್ ರಜೆಯಲ್ಲಿ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಅತ್ತೆಗೆ ನಾಗರಕಲ್ಲಿಗೆ ಹಾಲೆರೆಯಬೇಕಿತ್ತು. ನನಗೆ ಮಕ್ಕಳಿಗೆ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಹೋರಾಟದ ಸಭೆ ಮೇಲೆ ಪೊಲೀಸರ ಗೋಲಿಬಾರ್ ನಡೆದ ಜಾಗ ತೋರಿಸಬೇಕಿತ್ತು. ಹೋಗಿ ನಿಲ್ಲಿಸಿದರೆ ಬಾಗಿಲು ಒಂದು ಗೇಣು ಬಂತು, ನಿಂತಿತು. ಎಳೆದೆ, ಒದ್ದೆ, ಯಜಮಾನರು ಜೋತುಬಿದ್ದರು. ಆ ಕಡೆ ಬಾಗಿಲಿಗೆ ನಾನೇ ಲಾಕ್ ಹಾಕಿದ್ದೆನಲ್ಲ, ಸುತ್ತಿಕೊಂಡು ಹೋಗಿ ಹೊರಗಿನಿಂದ ತೆಗೆದರೆ ಅತ್ತೆ ಸೀಟಿನ ಆ ತುದಿಯವರೆಗೆ ಜರುಗಬೇಕು. ಮಂಡಿ ನೋವಿನವರು. ಇಳಿದ ಮೇಲೆ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಸರ್ವೀಸ್ ಸೆಂಟರಿನವರು ಗ್ರೀಸ್ ಮೆತ್ತಿ ಬಿಲ್ ಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಎರಡನೇ ಸಲ "ರೈಲು, ರೋಲರ್ ಎಲ್ಲ ಸೆಟ್ಟೇ ಬದಲಾಯಿಸಬೇಕು" ಅಂದರು. ರೈಲು ಅಂದರೆ ಬಾಗಿಲು ಓಡುವ ಹಳಿ. ಅವರು ಹೇಳಿದ ರೇಟು ಕೇಳಿ ಗಾಡಿ ಮಾರಿಬಿಡೋಣ ಅನ್ನಿಸಿತ್ತು. ಯಜಮಾನರು ಆಗಲೇ ಎಸ್‌ಯುವಿ ನೋಡಲು ಶುರು ಮಾಡಿದ್ದರು.

ಕೊನೆಗೆ ನಮ್ಮ ಬೀದಿ ತುದಿಯ ಮೆಕ್ಯಾನಿಕ್ ಹತ್ತಿರ ಹೋದೆ. ಇಂಥ ಬಾಗಿಲು ಮೂರು ದಾರಿಯಲ್ಲಿ ಓಡುತ್ತದಂತೆ: ಮೇಲೊಂದು, ಕೆಳಗೊಂದು, ಹೊರಗೆ ಹಿಂದಿನ ಗಾಜಿನ ಕೆಳಗೊಂದು. ಅವನು ಕೆಳಗಿನ ರೋಲರ್ ಬಿಚ್ಚಿ ನನ್ನ ಕೈಗಿಟ್ಟ. ಸುತ್ತಲೂ ಬಿಳಿ ನೂಲು, ಗ್ರೀಸಿನಲ್ಲಿ ಕಲೆತು ಹಗ್ಗದ ಹಾಗೆ ಬಿಗಿದುಕೊಂಡಿತ್ತು. "ಮೇಡಂ, ಬಾಗಿಲಿಗೆ ರೇಷ್ಮೆ ಸೀರೆ ಉಡಿಸಿದ್ದೀರಲ್ಲ" ಅಂದ.

ತಪ್ಪು ನಮ್ಮದೇ. ಮೈದುನ ರೇಷ್ಮೆ ಹುಳ ಸಾಕುತ್ತಾನೆ. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಎದ್ದ ಮೇಲೆ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಹುಳಕ್ಕೆ ಸೊಪ್ಪು ಹಾಕಿದಷ್ಟೂ ಸಾಲದು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿದ ದಿನ ಬೇರೆ ಗಾಡಿ ಸಿಗದಿದ್ದರೆ ನಮ್ಮ ವ್ಯಾನೇ ಗತಿ. ಹಿಂದಿನ ಸೀಟು ಮಡಚಿ ಬೆಳಗಿನ ತಂಪಿನಲ್ಲಿ ಚೀಲ ತುಂಬಿಕೊಂಡು ಮಾರ್ಕೆಟ್ಟಿಗೆ ಬರುತ್ತಿದ್ದ. ಗೂಡಿನ ಮೇಲಿನ ಹಗುರ ನೂಲು ಹಾರಿ ಮೆಟ್ಟಿಲ ಕೆಳಗಿನ ರೈಲಿಗೆ ಇಳಿಯುತ್ತಿತ್ತು. ಅದರ ಮೇಲೆ ಸರ್ವೀಸಿನವರ ಗ್ರೀಸು. ಗ್ರೀಸು ಧೂಳು ಹಿಡಿಯಿತು, ಧೂಳು ನೂಲು ಹಿಡಿಯಿತು. ರೋಲರ್ ಒಂದನ್ನೇ ಬದಲಾಯಿಸಿ, ರೈಲು ಒರೆಸಿ, ಸಿಲಿಕಾನ್ ಸ್ಪ್ರೇ ಹೊಡೆದ, ಅಷ್ಟೆ. ಗ್ರೀಸ್ ಮುಟ್ಟಿಸಬೇಡಿ ಅಂತ ಹೇಳಿ ಕಳಿಸಿದ.

ಆಮೇಲೆ ಭಾನುವಾರದ ಕೆಲಸ ಒಂದು ಹುಟ್ಟಿಕೊಂಡಿತು. ಕಾಫಿ ಕುಡಿದು, ಹಳೇ ಹಲ್ಲುಜ್ಜುವ ಬ್ರಶ್ಶು, ಒಂದು ಬಟ್ಟೆ ತಗೊಂಡು ಮೆಟ್ಟಿಲ ಹತ್ತಿರ ಕೂರುತ್ತೇನೆ. ರೈಲಿನಲ್ಲಿ ಏನೆಲ್ಲ ಸಿಗುತ್ತದೆ ಗೊತ್ತಾ? ಕಡಲೇಕಾಯಿ ಸಿಪ್ಪೆ, ದ್ರಾಕ್ಷಿ ಬೀಜ, ಹಿಪ್ಪುನೇರಳೆ ಎಲೆಯ ಚೂರು, ಮಗಳ ಕಿವಿಯೋಲೆಯ ತಿರುಪು. ಅತ್ತೆ ಒಳಗಿನ ಸೀಟಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾರೆ. ಸಿಪ್ಪೆ ಮತ್ತೆ ರೈಲಿಗೇ ಬೀಳುತ್ತದೆ. ಹೇಳಿ ಪ್ರಯೋಜನ ಇಲ್ಲ.

ಇನ್ನು ಉಳಿದ ದೂರು. ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಏಪ್ರಿಲ್, ಮೇನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಸೀಟು ದೋಸೆ ಕಾವಲಿ. ಇದಕ್ಕೆ ಮದ್ದಿಲ್ಲ, ದಪ್ಪ ಬಟ್ಟೆಯ ಕವರ್ ಹಾಕಿಸಿದೆ, ಅಷ್ಟೇ. ಎಸಿ ಗಾಳಿ ಮೂರನೇ ಸಾಲಿಗೆ ಹೋಗುವ ಮುಂಚೆ ಸುಸ್ತಾಗುತ್ತದೆ. ಆ ಸಾಲು ಮಕ್ಕಳಿಗೆ ಮಾತ್ರ. ಮೈದುನ ಅಲ್ಲಿ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತದೆ. ನಂದಿ ಬೆಟ್ಟ 1,478 ಮೀಟರ್. ಏಳು ಜನ ಕೂತು ಹತ್ತುವಾಗ ಎಸಿ ಆಫ್, ತಿರುವುಗಳಲ್ಲಿ ಫಸ್ಟ್ ಗೇರ್, ಹಿಂದೆ ಬೈಕಿನವರ ಹಾರ್ನ್. ಹತ್ತಿತು, ಆದರೆ ಗೊಣಗಿಕೊಂಡು. ಊರೊಳಗೆ ಲೀಟರಿಗೆ ಹದಿಮೂರು ಕಿಲೋಮೀಟರ್ ಬಂದರೆ ಪುಣ್ಯ.

ಬೆಂಗಳೂರಿನ ಆಸ್ಪತ್ರೆಗೆ ಹೋಗುವಾಗ ಹೈವೇ 44ರಲ್ಲಿ ಲಾರಿ ಪಕ್ಕದಲ್ಲಿ ಹಾದರೆ ಇಡೀ ವ್ಯಾನು ಒಂದು ಸಲ ಅಲ್ಲಾಡುತ್ತದೆ. ಜೋರಾಗಿ ಓಡಿಸುವವರಿಗೆ ಇದು ಆಗಿಬರುವುದಿಲ್ಲ. 2019ರ ಜುಲೈಯಿಂದ ಹೊಸ ಗಾಡಿಗಳಿಗೆಲ್ಲ ವೇಗದ ಎಚ್ಚರಿಕೆ ಬಂದಿದೆಯಲ್ಲ, 80 ದಾಟಿದರೆ ಬೀಪ್, 120ಕ್ಕೆ ನಿಲ್ಲದ ಬೀಪ್. ನಮ್ಮಲ್ಲಿ ಎರಡನೆಯದರ ಅವಕಾಶವೇ ಬಂದಿಲ್ಲ. ಮೊದಲನೇ ಬೀಪ್ ಆಗುತ್ತಿದ್ದ ಹಾಗೇ ಹಿಂದಿನಿಂದ ಅತ್ತೆ, "ಗಾಡಿ ಅಳ್ತಾ ಇದೆ ಕಣೇ, ನಿಧಾನಕ್ಕೆ ಹೋಗು."

ನಲವತ್ತೊಂದು ಸಾವಿರ ಕಿಲೋಮೀಟರ್ ಆಗಿದೆ. ನೀವೂ ಇಂಥ ಸೆಕೆಂಡ್ ಹ್ಯಾಂಡ್ ವ್ಯಾನು ನೋಡಲು ಹೋದರೆ ನನ್ನ ಹಾಗೆ ಅವಸರ ಮಾಡಬೇಡಿ. ಅರ್ಧ ಗಂಟೆಯಾದರೂ ಓಡಿಸಿ, ಸೀಟು ಮುಟ್ಟಿ ನೋಡಿ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬಾಗಿಲು ಹತ್ತು ಸಲ ಎಳೆಯಿರಿ. ಕೆಳಗಿನ ರೈಲಿಗೆ ಬೆರಳು ಹಾಕಿ, ಗ್ರೀಸ್ ಅಂಟಿದರೆ ರೇಟು ಇಳಿಸಲು ಕೇಳಿ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಕೈ ಚಾಚದೆ ಕೂತರೆ ಆಮೇಲೆ ಉಳಿದ ಮಾತು. ನಮ್ಮ ಯಜಮಾನರು ಈಗಲೂ ಎಸ್‌ಯುವಿ ಫೋಟೊ ತೋರಿಸುತ್ತಾರೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ಒಂದೇ ಮಾತು ಕೇಳುತ್ತಾರೆ, "ಇದರ ಬಾಗಿಲು ಎಳೀಬೇಕೋ, ತಳ್ಳಬೇಕೋ?"