ಒಂದೂ ತೂತು ಇಲ್ಲ ಅಂದರು, ಏಳು ತೂತು ಹಾಕಿ ಕೊಟ್ಟರು

ಪಿಕಪ್‌ಗೆ ರೇಡಿಯೋ ಸೆಟ್ ಹಾಕಿಸುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು. ಬರೆಯಲು ನಾಚಿಕೆ ಆಗುತ್ತಿದೆ, ಯಾಕೆಂದರೆ ಕೆಲಸ ನಡೆಯುವಾಗ ನಾನು ಅಲ್ಲೇ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಡ್ರಿಲ್ ಸದ್ದು ನನ್ನ ಕಿವಿಗೇ ಬಿದ್ದಿತ್ತು. ಆದರೂ ಎದ್ದು ಹೋಗಿ ನೋಡಲಿಲ್ಲ.

ಗಾಡಿ ನನ್ನೊಬ್ಬನದಲ್ಲ. ನನ್ನದು, ಅಣ್ಣನದು ಅರ್ಧ ಅರ್ಧ. ಮೊಬೈಲ್ ಸಿಗ್ನಲ್ ಸಿಗದ ದಾರಿಯಲ್ಲಿ ಎರಡು ಗಾಡಿ ಒಟ್ಟಿಗೆ ಓಡಿಸುತ್ತೇವೆ. ಹಾಗಾಗಿ ರೇಡಿಯೋ ಬೇಕೇಬೇಕಿತ್ತು. ಕೈಯಲ್ಲಿ ಹಿಡಿಯುವ ವಾಕಿಟಾಕಿ ಗಾಡಿಯೊಳಗೆ ಸಾಕಾಗಲ್ಲ. ಸುತ್ತ ತಗಡು, ಆಂಟೆನಾ ಒಳಗೆ. ಅದಕ್ಕೇ 50 ವ್ಯಾಟ್‌ನ, ಗಾಡಿಗೆ ಕೂರಿಸುವ ಸೆಟ್ ತೆಗೆದುಕೊಂಡೆವು. ಅಣ್ಣ ಒಂದೇ ಮಾತು ಹೇಳಿದ್ದ: "ಏನಾದ್ರೂ ಮಾಡು, ಬಾಡಿಗೆ ತೂತು ಹಾಕಿಸ್ಬೇಡ." ಎರಡು ವರ್ಷದಲ್ಲಿ ಗಾಡಿ ಮಾರಬೇಕು ಅಂತ ನಮ್ಮ ಲೆಕ್ಕ. ತೂತು ಅಂದರೆ ತುಕ್ಕು, ತುಕ್ಕು ಅಂದರೆ ಬೆಲೆ ಇಳಿಯಿತು ಅಂತಲೇ ಅರ್ಥ, ಅಲ್ವಾ?

ರೇಡಿಯೋ ಕೂರಿಸುವವರ ಬಳಿ ಹೋದಾಗ ನಾನು ಹೇಳಿದ ಮೊದಲ ಮಾತೇ ಇದು. ಎರಡು ಸಲ ಹೇಳಿದೆ. ಅವರು ನಕ್ಕರು. "ಈಗ ಯಾರು ಸಾರ್ ತೂತು ಹಾಕ್ತಾರೆ? ಎಲ್ಲಾ ಕ್ಲ್ಯಾಂಪ್. ಒಂದೂ ತೂತು ಇರಲ್ಲ." ಬಾನೆಟ್ ಅಂಚಿಗೆ ಕಚ್ಚಿಕೊಳ್ಳುವ ಆಂಟೆನಾ ಕ್ಲ್ಯಾಂಪ್ ಕೈಗೆ ಕೊಟ್ಟು ತೋರಿಸಿದರು. ನಿಜವಾಗಿಯೂ ಚೆನ್ನಾಗಿತ್ತು. ಗಟ್ಟಿ ಸ್ಟೀಲ್. ನನಗೆ ಅಷ್ಟೇ ಸಾಕಾಯಿತು. ರೇಡಿಯೋವನ್ನು ಎಲ್ಲಿ ಕೂರಿಸುತ್ತೀರಿ, ವೈರ್ ಎಲ್ಲಿಂದ ತರುತ್ತೀರಿ ಅಂತ ಕೇಳಲೇ ಇಲ್ಲ. ಇದು ನನ್ನ ತಪ್ಪು. ಒಪ್ಪುತ್ತೇನೆ.

ಮಧ್ಯೆ ಡ್ರಿಲ್ ಸದ್ದು ಕೇಳಿಸಿತು ಅಂದೆನಲ್ಲ. ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತಿತ್ತು, ಅದರ ಕೆಲಸ ಅಂದುಕೊಂಡೆ. ಆ ಗಾಡಿಯ ಹತ್ತಿರ ಒಬ್ಬರೂ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಒಂದು ವಾರ ಆದಮೇಲೆ, ರಾತ್ರಿ ಮಲಗಿದ್ದಾಗ.

ಸಂಜೆ ಗಾಡಿ ಕೊಟ್ಟರು. ನೋಡಲು ಅಚ್ಚುಕಟ್ಟು. ಸೆಟ್ ಸೀಟಿನ ಕೆಳಗೆ, ಡ್ಯಾಶ್‌ಬೋರ್ಡ್ ಮೇಲೆ ಮೈಕ್ ನೇತು ಹಾಕಿತ್ತು. ಒಂದು ವೈರೂ ಕಾಣುತ್ತಿರಲಿಲ್ಲ. ಅವರ ಹುಡುಗ ವಾಕಿಟಾಕಿ ಹಿಡಿದು ರಸ್ತೆಯ ಆ ಕಡೆ ನಿಂತು ಮಾತಾಡಿದ. ಸ್ಪಷ್ಟವಾಗಿ ಕೇಳಿಸಿತು. ಕೇಳಿಸದೆ ಇರುತ್ತದಾ? ಆ ದೂರಕ್ಕೆ ಬಾಯಲ್ಲಿ ಕೂಗಿದರೂ ಕೇಳುತ್ತಿತ್ತು! ನಾನು ಖುಷಿಯಾಗಿ ಕಾಗದಕ್ಕೆ ಸಹಿ ಹಾಕಿ ದುಡ್ಡು ಕೊಟ್ಟು ಬಂದೆ. ಮನೆಗೆ ಬಂದು ಅಣ್ಣನ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ. "ನೋಡು, ಒಂದು ಗೀರೂ ಇಲ್ಲ."

ಮೂರನೇ ದಿನಕ್ಕೇ ತೊಂದರೆ ಶುರು. ಇನ್ನೊಂದು ಗಾಡಿ ಎರಡು ತಿರುವು ದಾಟಿದರೆ ಸಾಕು, ನನ್ನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಅವರದು ನನಗೆ ಕೇಳುತ್ತಿತ್ತು. ಫೋನ್ ಮಾಡಿದೆ. ಬಂದ ಉತ್ತರ ಹೀಗಿತ್ತು: "ಹೊಸ ಆಂಟೆನಾ ಅಲ್ವಾ ಸಾರ್, ಸೆಟ್ ಆಗೋಕೆ ಸ್ವಲ್ಪ ದಿನ ಬೇಕು." ಆಂಟೆನಾ ಸೆಟ್ ಆಗುವುದಕ್ಕೆ ಅದೇನು ಹೊಸ ಚಪ್ಪಲಿಯಾ? ಈಗ ನಗು ಬರುತ್ತದೆ. ಆಗ ನಾನು "ಓ, ಹೌದಾ" ಅಂದೆ.

ಆಮೇಲೆ ಮಳೆ ಬಂತು.

ಮಾರನೆಯ ದಿನ ಗಾಡಿ ಹತ್ತಿದರೆ ಎಡಗಡೆ ಕಾಲಿಡುವ ಜಾಗದಲ್ಲಿ ಮ್ಯಾಟ್ ಒದ್ದೆ. ಕಿಟಕಿ ತೆಗೆದಿಟ್ಟಿದ್ದೆನೇನೋ ಅಂದುಕೊಂಡೆ. ಮ್ಯಾಟ್ ಎತ್ತಿದೆ. ಕೆಳಗಿನ ಕಾರ್ಪೆಟ್ ಹಿಂಡಿದರೆ ನೀರು. ಕಾರ್ಪೆಟ್ ಸರಿಸುತ್ತಾ ಹಿಂದೆ ಹೋದೆ, ಸೀಟಿನ ಕೆಳಗೆ ಕೈ ಹಾಕಿದೆ. ಬೆರಳಿಗೆ ಏನೋ ಚುಚ್ಚಿತು. ಹೊರಗೆ ತೆಗೆದು ನೋಡಿದರೆ ಸಣ್ಣ ಸುರುಳಿ. ತಗಡಿನ ಸುರುಳಿ. ಡ್ರಿಲ್ ಹಾಕಿದಾಗ ಬರುತ್ತದಲ್ಲ, ಅದು. ಒಂದು ಬದಿಯಲ್ಲಿ ನಮ್ಮ ಗಾಡಿಯದೇ ಬಣ್ಣ, ಇನ್ನೊಂದು ಬದಿಯಲ್ಲಿ ಆಗಲೇ ಕೆಂಪಗೆ ತುಕ್ಕು.

ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಅಣ್ಣನ ಮುಖ.

ಸೀಟು ಬಿಚ್ಚಿದೆ. ರೇಡಿಯೋ ಬ್ರಾಕೆಟ್ಟನ್ನು ನಾಲ್ಕು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತಗಡಿನಲ್ಲಿ ತಾನೇ ಮರೆ ಕೊರೆದುಕೊಂಡು ಹೋಗುವಂಥವು) ಹಾಕಿ ನೇರ ನೆಲದ ತಗಡಿಗೆ ಬಿಗಿದಿದ್ದರು. ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ನಾಲ್ಕೂ ಮೊನೆ ಹೊರಗೆ. ಒಂದು ಮೊನೆಯಿಂದ ಎರಡು ಬೆರಳು ದೂರದಲ್ಲಿ ಬ್ರೇಕ್ ಪೈಪ್. ಎರಡೇ ಬೆರಳು! ಕೆಳಗೆ ಏನಿದೆ ಅಂತ ಬಗ್ಗಿ ನೋಡದೆ ಡ್ರಿಲ್ ಒತ್ತಿದ್ದಾರೆ. ಆ ಪೈಪಿಗೆ ತಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಐದನೆಯದು ಎಲ್ಲಕ್ಕಿಂತ ಕೆಟ್ಟದ್ದು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿದೆಯಲ್ಲ, ಫೈರ್‌ವಾಲ್, ಅಲ್ಲಿ ಬ್ಯಾಟರಿ ವೈರ್ ತರಲು ಹೊಸ ತೂತು ಕೊರೆದಿದ್ದರು. ಅದರಿಂದ ಒಂದು ಗೇಣು ದೂರದಲ್ಲೇ ಕಂಪನಿಯ ದೊಡ್ಡ ರಬ್ಬರ್ ಗ್ರಾಮೆಟ್, ಅಂದರೆ ವೈರ್ ಹಾಯುವ ತೂತಿಗೆ ಹಾಕಿದ ರಬ್ಬರ್ ಬಳೆ, ಇದೆ. ಗಾಡಿಯ ಮುಖ್ಯ ವೈರಿಂಗ್ ಕಟ್ಟು ಅಲ್ಲಿಂದಲೇ ಒಳಗೆ ಬರುತ್ತದೆ, ಇನ್ನೂ ಎರಡು ವೈರ್ ಹಾಯಿಸಲು ಬೇಕಾದಷ್ಟು ಜಾಗ ಇದೆ. ಅದನ್ನು ಬಿಟ್ಟು ಹೊಸದು! ಹೊಸ ತೂತಿಗೆ ರಬ್ಬರ್ ಇಲ್ಲ. ಬರೀ ತಗಡಿನ ಹರಿತ ಅಂಚು, ಮೇಲೆ ಒಂದಿಷ್ಟು ಸಿಲಿಕಾನ್ ಮೆತ್ತಿದ್ದಾರೆ. ನೀರು ಬಂದದ್ದು ಅಲ್ಲಿಂದಲೇ.

ನೀರು ಬಿಡಿ. ರೇಡಿಯೋ ಜೊತೆ ಬಂದ ಪವರ್ ವೈರಿನಲ್ಲಿ ಬ್ಯಾಟರಿ ಕಡೆಗೆ ಫ್ಯೂಸ್ ಇರುತ್ತದೆ. ಅದನ್ನು ಕತ್ತರಿಸಿ, ಬೇರೆ ವೈರ್ ಸೇರಿಸಿ, ಫ್ಯೂಸನ್ನು ಕ್ಯಾಬಿನ್ ಒಳಗೆ ಸೆಟ್ ಪಕ್ಕ ಇಟ್ಟಿದ್ದರು. ಅಂದರೆ ಬ್ಯಾಟರಿಯಿಂದ ಸೀಟಿನ ತನಕ ಇರುವ ವೈರಿಗೆ ಕಾವಲೇ ಇಲ್ಲ. ಆ ವೈರು ಹರಿತ ಅಂಚಿಗೆ ಉಜ್ಜಿಕೊಂಡು, ಒಂದೇ ವಾರಕ್ಕೆ ಮೇಲಿನ ಪ್ಲಾಸ್ಟಿಕ್ ಅರ್ಧ ಸವೆದಿತ್ತು. ಒಳಗಿನ ತಾಮ್ರ ತಗಡಿಗೆ ಮುಟ್ಟಿದರೆ ಫ್ಯೂಸ್ ಹಾರಲ್ಲ, ಯಾಕೆಂದರೆ ಫ್ಯೂಸ್ ಆಚೆ ಕಡೆ ಇದೆ. ವೈರು ಕಾದು ಬೆಂಕಿ ಹಿಡಿಯುತ್ತದೆ.

ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ನಾನು: "ತೂತು ಹಾಕಲ್ಲ ಅಂದಿದ್ರಿ. ಇದೇನು?"

ಅವರು: "ಅದು ತೂತಲ್ಲ ಸಾರ್. ಸ್ಕ್ರೂ."

ನಾನು: "ಸ್ಕ್ರೂ ಎಲ್ಲಿಂದ ಹೋಗಿದೆ? ತೂತಿನಿಂದ ತಾನೆ?"

ಅವರು: "ಸೆಲ್ಫ್ ಟ್ಯಾಪಿಂಗ್ ಸಾರ್, ಅದೇ ಹೋಗುತ್ತೆ. ನಾವು ತೂತು ಹಾಕಿಲ್ಲ."

ಈ ಉತ್ತರವನ್ನು ನಾಲ್ಕು ಸಲ ಓದಿದೆ. ಅದೇ ಹೋಗುತ್ತದಂತೆ. ಹಾಗಾದರೆ ನನ್ನ ಅಂಗೈಯಲ್ಲಿದ್ದ ಸುರುಳಿ ತಾನೇ ಹುಟ್ಟಿತಾ? ಫೈರ್‌ವಾಲ್ ಫೋಟೋ ಕಳಿಸಿ ಇಲ್ಲಿ ಸ್ಕ್ರೂ ಇಲ್ವಲ್ಲ ಅಂದೆ. ಅದಕ್ಕೆ ಒಂದು ಗಂಟೆ ಸುಮ್ಮನಿದ್ದರು. ಆಮೇಲೆ ಬಂತು: "ತೂತು ಇಲ್ಲ ಅಂದಿದ್ದು ಆಂಟೆನಾಗೆ ಸಾರ್. ರೂಫ್ ನೋಡಿ, ಒಂದೂ ಇಲ್ಲ. ಕಾಗದದಲ್ಲಿ ಹಾಗೇ ಬರೆದಿದೆ, ನೀವೇ ಸೈನ್ ಮಾಡಿದ್ದೀರಿ."

ಕಾಗದ ಹುಡುಕಿ ತೆಗೆದೆ. ಬರೆದಿತ್ತು. "ಆಂಟೆನಾ: ತೂತು ಇಲ್ಲದ ಮೌಂಟ್." ಕೆಳಗೆ ನನ್ನ ಸಹಿ, ಅಚ್ಚುಕಟ್ಟಾಗಿ.

ನಾನು ಮೂರ್ಖನಾದ ಜಾಗ ಇದು, ನೆಲದ ತಗಡಲ್ಲ. ನಾನು "ತೂತು ಬೇಡ" ಅಂದಾಗ ಇಡೀ ಗಾಡಿ ಅಂದುಕೊಂಡಿದ್ದೆ. ಅವರು ಆಂಟೆನಾ ಅಂತ ಮಾತ್ರ ಕೇಳಿಸಿಕೊಂಡರು. ಅಥವಾ ಹಾಗೆ ಕೇಳಿಸಿಕೊಂಡಂತೆ ನಟಿಸಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಸಿಟ್ಟಿನಲ್ಲಿ ಆಂಟೆನಾ ಕ್ಲ್ಯಾಂಪನ್ನೂ ಬಿಚ್ಚಿದೆ. ಈ ಕ್ಲ್ಯಾಂಪಿನಲ್ಲಿ ತಲೆ ಇಲ್ಲದ ಸಣ್ಣ ಗ್ರಬ್ ಸ್ಕ್ರೂ ಇರುತ್ತವೆ. ಅವು ಬಾನೆಟ್ ಅಂಚಿನ ಒಳಬದಿಯ ಪೇಂಟ್ ಕಚ್ಚಿ ಲೋಹಕ್ಕೆ ಮುಟ್ಟಬೇಕು. ಆಗಲೇ ಆಂಟೆನಾಗೆ ಗಾಡಿಯ ಬಾಡಿ ಅರ್ಥ್ ಆಗಿ ಸಿಗುವುದು. ಕಾಲು ತರಂಗದ ಆಂಟೆನಾ, ಅಂದರೆ ರೇಡಿಯೋ ಅಲೆಯ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿ, ಅರ್ಧ ಕೆಲಸವನ್ನು ಬಾಡಿಯಿಂದಲೇ ಮಾಡಿಸಿಕೊಳ್ಳುತ್ತದೆ. ಇವರು ಏನು ಮಾಡಿದ್ದರು ಗೊತ್ತಾ? ಪೇಂಟ್ ಹಾಳಾಗಬಾರದು ಅಂತ ನಡುವೆ ರಬ್ಬರ್ ಶೀಟ್ ಇಟ್ಟಿದ್ದರು! ಎಲ್ಲಿ ಗೀರಬೇಕಿತ್ತೋ ಅಲ್ಲಿ ರಬ್ಬರ್. ಎಲ್ಲಿ ಮುಟ್ಟಬಾರದಿತ್ತೋ ಅಲ್ಲಿ ಡ್ರಿಲ್. ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಅಂತ ತಿಳಿಯಲು ಗೆಳೆಯನ ಎಸ್‌ಡಬ್ಲ್ಯುಆರ್ ಮೀಟರ್ ತಂದು ಹಾಕಿದರೆ 3 ತೋರಿಸಿತು. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. 3 ಅಂದರೆ ಕಳಿಸಿದ ಶಕ್ತಿಯಲ್ಲಿ ಕಾಲು ಭಾಗ ವಾಪಸ್ ಸೆಟ್ಟಿಗೇ ಬರುತ್ತದೆ, ಸೆಟ್ ತನ್ನನ್ನು ತಾನು ಕಾಪಾಡಿಕೊಳ್ಳಲು ಪವರ್ ಇಳಿಸಿಕೊಳ್ಳುತ್ತದೆ. ಎರಡು ತಿರುವು ದಾಟಿದರೆ ಮಾತು ಕೇಳದೆ ಇದ್ದದ್ದು ಇದಕ್ಕೇ. ಸೆಟ್ ಆಗಲು ದಿನ ಬೇಕಂತೆ!

ಮತ್ತೆ ಅವರ ಬಳಿ ಒಯ್ಯಲಿಲ್ಲ. "ತಗೊಂಡ್ ಬನ್ನಿ ಸಾರ್, ಇನ್ನೂ ಸ್ವಲ್ಪ ಸಿಲಿಕಾನ್ ಹಾಕ್ತೀವಿ" ಅಂದರು. ಬೇಡಪ್ಪಾ. ಗೆಳೆಯ, ನಾನು ಸೇರಿ ಒಂದು ರಜೆಯ ದಿನ ಎಲ್ಲ ಮತ್ತೆ ಮಾಡಿದೆವು.

ತೂತು ಇಲ್ಲದೆ ಆಗುತ್ತದೆ. ಆರಾಮಾಗಿ ಆಗುತ್ತದೆ. ನನಗೆ ಜಾಸ್ತಿ ಉರಿಯುವುದೇ ಇದಕ್ಕೆ. ಬ್ರಾಕೆಟ್ಟನ್ನು ಸೀಟಿನ ಕಾಲಿನ ಫ್ರೇಮಿಗೆ, ಅದರಲ್ಲಿ ಮೊದಲೇ ಇದ್ದ ರಂಧ್ರಗಳಲ್ಲಿ ಬೋಲ್ಟ್ ಹಾಕಿ ಕೂರಿಸಿದೆವು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್ ಕಡೆಯದು, ಅದರ ತಂಟೆಗೆ ಹೋಗಬೇಡಿ, ಸೀಟು ಎತ್ತುವ ಮೊದಲು ಬ್ಯಾಟರಿ ತೆಗೆದಿಡಿ. ಸೀಟಿನ ಬೋಲ್ಟುಗಳನ್ನು ವಾಪಸ್ ಹಾಕುವಾಗ ಪುಸ್ತಕದಲ್ಲಿ ಹೇಳಿದಷ್ಟೇ ಟಾರ್ಕ್‌ಗೆ ಬಿಗಿಯಿರಿ. ವೈರನ್ನು ಕಂಪನಿಯ ಗ್ರಾಮೆಟ್ ಮೂಲಕ ತಂದೆವು. ರಬ್ಬರಿನ ಅಂಚಿನಲ್ಲಿ ಸಣ್ಣ ಸೀಳು ಮಾಡಿ, ಗಟ್ಟಿ ತಂತಿಯ ತುದಿಗೆ ವೈರ್ ಕಟ್ಟಿ ಎಳೆದರೆ ಹದಿನೈದು ನಿಮಿಷದ ಕೆಲಸ. ಫ್ಯೂಸ್ 15 ಆಂಪಿಯರ್, ಸೆಟ್ಟಿನ ಪುಸ್ತಕ ಹೇಳಿದಷ್ಟೇ, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಆಂಟೆನಾದ ರಬ್ಬರ್ ಶೀಟ್ ಎಸೆದು ಗ್ರಬ್ ಸ್ಕ್ರೂ ಲೋಹಕ್ಕೆ ಕಚ್ಚುವ ಹಾಗೆ ಬಿಗಿದೆವು, ಸುತ್ತ ಟಚ್‌ಅಪ್ ಪೇಂಟ್ ಹಚ್ಚಿದೆವು, ಬಾನೆಟ್‌ನಿಂದ ಬಾಡಿಗೆ ಮೊದಲೇ ಇದ್ದ ಬೋಲ್ಟುಗಳಿಗೆ ಒಂದು ಹೆಣೆದ ಅರ್ಥ್ ಪಟ್ಟಿ ಹಾಕಿದೆವು. ಮೀಟರ್ 1.4ಕ್ಕೆ ಇಳಿಯಿತು. ಈಗ ಗುಡ್ಡದ ಆ ಕಡೆಯಿಂದಲೂ ಮಾತು ಕೇಳುತ್ತದೆ.

ಸಿಗರೇಟ್ ಸಾಕೆಟ್‌ಗೆ ಚುಚ್ಚಿದರೆ ಸಾಕಲ್ವಾ ಅಂತ ಕೇಳುವವರಿಗೆ: ಸಣ್ಣ ಸೆಟ್ ಆದರೆ ನಡೆಯುತ್ತದೆ. 50 ವ್ಯಾಟಿನದು ಮಾತಾಡುವಾಗ 10 ಆಂಪಿಯರ್‌ಗೂ ಮೇಲೆ ಎಳೆಯುತ್ತದೆ, ಆ ತೆಳು ವೈರ್ ಅದಕ್ಕಲ್ಲ. ಮ್ಯಾಗ್ನೆಟ್ ಆಂಟೆನಾ ಸುಲಭ, ಆದರೆ ಅಲ್ಯೂಮಿನಿಯಂ ಬಾಡಿಯ ಪಿಕಪ್‌ಗಳೂ ಇವೆ, ಅಲ್ಲಿ ಅಂಟುವುದೇ ಇಲ್ಲ.

ಹಳೇ ತೂತುಗಳ ತುಕ್ಕು ಉಜ್ಜಿ, ಪ್ರೈಮರ್, ಪೇಂಟ್, ರಬ್ಬರ್ ಬಿರಡೆ ಹಾಕಿದ್ದೇವೆ. ಮುಚ್ಚಿದ್ದೇವೆ ಅಷ್ಟೇ, ಹೋಗಿಲ್ಲ.

ನೀವು ಹಾಕಿಸುವುದಾದರೆ "ತೂತು ಬೇಡ" ಅಂತ ಮಾತ್ರ ಹೇಳಬೇಡಿ. ನೆಲ, ಫೈರ್‌ವಾಲ್, ಡ್ಯಾಶ್‌ಬೋರ್ಡ್, ರೂಫ್, ಒಂದೊಂದರ ಹೆಸರು ಹೇಳಿ. ಸ್ಕ್ರೂ ಕೂಡ ತೂತೇ ಅಂತ ಬರೆಸಿಕೊಳ್ಳಿ, ನಗಬೇಡಿ, ನಿಜವಾಗಿಯೂ ಬರೆಸಿಕೊಳ್ಳಿ. ಡ್ರಿಲ್ ಸದ್ದು ಕೇಳಿದರೆ ಕುರ್ಚಿಯಿಂದ ಏಳಿ. ದುಡ್ಡು ಕೊಡುವ ಮೊದಲು ಮ್ಯಾಟ್ ಎತ್ತಿ ನೋಡಿ. ದೂರ ಹೋಗಿ ಮಾತಾಡಿ ನೋಡಿ, ರಸ್ತೆಯ ಆ ಕಡೆ ಅಲ್ಲ.

ಲೆಕ್ಕ ಹಾಕಿದವರು ಕೇಳಬಹುದು, ಐದೇ ಆಯ್ತಲ್ಲ, ಇನ್ನೆರಡು ಎಲ್ಲಿ ಅಂತ. ಅವು ಸಿಕ್ಕಿದ್ದು ಮೊನ್ನೆ. ಮೈಕ್ ನೇತು ಹಾಕುವ ಕ್ಲಿಪ್ ಅಲುಗಾಡುತ್ತಿತ್ತು. "ಅದು ಬರೀ ಟೇಪ್ ಸಾರ್" ಅಂದಿದ್ದರು. ಎಳೆದರೆ ಹಿಂದೆ ಎರಡು ಸ್ಕ್ರೂ, ಡ್ಯಾಶ್‌ಬೋರ್ಡ್ ಒಳಗೆ. ಫೋಟೋ ಕಳಿಸಿದೆ. ಉತ್ತರ ತಕ್ಷಣ ಬಂತು: "ರೇಡಿಯೋ ಕೆಲ್ಸ ಮಾಡ್ತಿದೆ ಅಲ್ವಾ ಸಾರ್?"

ಅಣ್ಣ ಈ ವಿಷಯಕ್ಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಗಾಡಿ ಹತ್ತಿದಾಗಲೆಲ್ಲ ಮೊದಲು ಮ್ಯಾಟ್ ಎತ್ತಿ ಒಂದು ಸಲ ನೋಡುತ್ತಾನೆ, ಮತ್ತೆ ಇಳಿಸುತ್ತಾನೆ. ನಾನು ಕಿಟಕಿ ಕಡೆ ನೋಡುತ್ತಾ ಕೂರುತ್ತೇನೆ.