ಯುಕೆ ಡಿಪೆಂಡೆಂಟ್ ವೀಸಾ ಅಂತ ಏಜೆನ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನ ಓದಿ

ಗಂಡನೋ ಹೆಂಡತಿಯೋ ಯುಕೆಯಲ್ಲಿದ್ದು, ಡಿಪೆಂಡೆಂಟ್ ವೀಸಾಕ್ಕೆ ಏಜೆನ್ಸಿ ಹುಡುಕುತ್ತಿದ್ದೀರಾ? ದಯವಿಟ್ಟು ಪೂರ್ತಿ ಓದಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ, ಬರೆದದ್ದು ಹಿಂದೆಮುಂದೆ ಆಗಿದ್ದರೆ ಹೊಂದಿಸಿಕೊಂಡು ಓದಿ.

ನನ್ನ ಗಂಡ ಲೆಸ್ಟರ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ, ಅಂದರೆ ಕೆಲಸದ ವೀಸಾದಲ್ಲಿದ್ದಾರೆ. ನಾನು ಶಿವಮೊಗ್ಗದಿಂದ ಅಪ್ಪನ ಜೊತೆ ಬೆಂಗಳೂರಿನ ಒಂದು ಏಜೆನ್ಸಿಗೆ ಹೋದೆ. ಗೋಡೆ ತುಂಬಾ ವೀಸಾ ಸಿಕ್ಕವರ ಫೋಟೋಗಳು. ಅಲ್ಲಿ ಕೂತಿದ್ದವನು ನನ್ನ ಮುಖ ನೋಡಿ ಮಾತಾಡಲೇ ಇಲ್ಲ, ಎಲ್ಲಾ ಅಪ್ಪನ ಜೊತೆಗೇ. "ಅಂಕಲ್, ಮಗಳನ್ನ ಕಳಿಸೋ ಜವಾಬ್ದಾರಿ ನಮ್ದು, ನೀವು ಆರಾಮಾಗಿರಿ." ಅಪ್ಪ ಎಫ್‌ಡಿ ಮುರಿಸಿ ದುಡ್ಡು ಕಟ್ಟಿದರು.

ಅವರು ಕೊಟ್ಟ ಬಿಲ್ ಈಗಲೂ ನನ್ನ ಹತ್ತಿರ ಇದೆ. ಎಂಬೆಸಿ ಫೀಸು, ಫೈಲ್ ಚಾರ್ಜ್, ಡಾಕ್ಯುಮೆಂಟೇಶನ್ ಚಾರ್ಜ್, ಹೆಲ್ತ್ ಸರ್ಚಾರ್ಜ್ 3 ವರ್ಷ, ಕೊನೆಗೆ 'ಫಂಡ್ ಶೋ' ಅಂತ ಬೇರೆ. ಸೀಲು ಇದೆ, ಸಹಿ ಇಲ್ಲ.

ಆ ಹೆಲ್ತ್ ಸರ್ಚಾರ್ಜ್ ವಿಷಯ ಕೇಳಿ. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ವೀಸಾ ಅರ್ಜಿ ಜೊತೆಗೇ ಕಟ್ಟಬೇಕಾದ ದುಡ್ಡು ಅದು, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಡಿಪೆಂಡೆಂಟ್ ವೀಸಾ ಮುಗಿಯುವುದು ಗಂಡನ ವೀಸಾ ಮುಗಿಯುವ ದಿನವೇ. ನಮ್ಮವರ ವೀಸಾದಲ್ಲಿ ಉಳಿದಿದ್ದೇ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಅಂದರೆ ನಾನು ಕಟ್ಟಬೇಕಿದ್ದದ್ದು 2,070 ಪೌಂಡ್. ಇವರು ವಸೂಲಿ ಮಾಡಿದ್ದು 3,105 ಪೌಂಡ್‌ನ ಲೆಕ್ಕದಲ್ಲಿ. ಒಂದು ಲಕ್ಷಕ್ಕೂ ಜಾಸ್ತಿ ದುಡ್ಡು ಸುಮ್ನೆ ಹೋಯಿತು. ಒಂದು ರಾತ್ರಿ ನಮ್ಮವರು ಯುಕೆ ಸರ್ಕಾರದ ವೆಬ್‌ಸೈಟ್‌ನಲ್ಲಿ ಲೆಕ್ಕ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದಾಗ ನನ್ನ ಕೈ ನಡುಗುತ್ತಿತ್ತು.

ಬೆಳಿಗ್ಗೆ ಫೋನ್ ಮಾಡಿದೆ. ಮೊದಲನೇ ಉತ್ತರ: "ಮೇಡಂ, ಅದು ಹಳೇ ರೇಟು." 2024ರ ಫೆಬ್ರವರಿಯಿಂದ ಇದೇ ರೇಟು ಇದೆಯಲ್ಲ ಅಂದೆ. "ಮೇಡಂ, ಅದು ಅಲ್ಲಿರೋರಿಗೆ, ಇಂಡಿಯನ್ಸ್‌ಗೆ ಬೇರೆ." ಸುಳ್ಳು. "ಜಾಸ್ತಿ ಆಗಿದ್ರೆ ಎಂಬೆಸಿಯವರೇ ರೀಫಂಡ್ ಕೊಡ್ತಾರೆ." ಎಂಬೆಸಿಗೆ ಇವರು ಒಂದು ಪೈಸೆಯೂ ಕಟ್ಟಿರಲಿಲ್ಲ, ಅದು ನನಗೆ ಆಮೇಲೆ ಗೊತ್ತಾಗಿದ್ದು! ವೀಸಾ ಫೀಸು, ಸರ್ಚಾರ್ಜ್ ಎರಡನ್ನೂ ಆನ್‌ಲೈನ್‌ನಲ್ಲಿ ಕಾರ್ಡಿಂದ ಕಟ್ಟುವುದು. ಇವರು ಕಟ್ಟಿರಲೇ ಇಲ್ಲ. ಆದರೂ ವಾರಗಟ್ಟಲೆ ವಾಟ್ಸಾಪ್‌ನಲ್ಲಿ "ಫೈಲ್ ಪ್ರೊಸೆಸ್‌ನಲ್ಲಿದೆ ಮೇಡಂ" ಅಂತ ಒಂದೇ ಮೆಸೇಜು. ಅಪ್ಲಿಕೇಶನ್‌ನ ಜಿಡಬ್ಲ್ಯೂಎಫ್ ನಂಬರ್ ಕೊಡಿ ಅಂದರೆ, "ಅದು ಇಂಟರ್ನಲ್ ಮೇಡಂ". ಅದು ಅರ್ಜಿ ಹಾಕಿದವರ ನಂಬರ್ ರೀ, ಇಂಟರ್ನಲ್ ಹೇಗಾಗುತ್ತೆ?

ಜಗಳ ಮಾಡಿ ಮಾಡಿ ಫಾರಂನ ಪಿಡಿಎಫ್ ತರಿಸಿಕೊಂಡೆ. ಇಮೇಲ್ ಅನ್ನೋ ಜಾಗದಲ್ಲಿ ಅವರದೇ ಐಡಿ. ಅಂದರೆ ಲಾಗಿನ್ ಅವರದು, ರಸೀದಿ ಅವರಿಗೆ, ನಾಳೆ ವೀಸಾ ಬಂತೋ ಇಲ್ಲವೋ ಅನ್ನೋ ಇಮೇಲೂ ಅವರಿಗೇ. ಇದನ್ನಾದರೂ ಸಹಿಸಬಹುದಿತ್ತು. ಕೆಳಗೆ ಬಂದರೆ, ಯಾವುದಾದರೂ ದೇಶದ ವೀಸಾ ಹಿಂದೆ ರಿಜೆಕ್ಟ್ ಆಗಿದೆಯಾ ಅನ್ನೋ ಪ್ರಶ್ನೆಗೆ 'ಇಲ್ಲ' ಅಂತ ತುಂಬಿದ್ದಾರೆ.

ನನಗೆ ಅಮೆರಿಕದ ಟೂರಿಸ್ಟ್ ವೀಸಾ ಒಂದು ಸಲ ರಿಜೆಕ್ಟ್ ಆಗಿತ್ತು. ಮೊದಲ ದಿನವೇ ಹೇಳಿದ್ದೆ, ಅಪ್ಪನೂ ಹೇಳಿದ್ದರು, ಅವನು ಪೆನ್ನಲ್ಲಿ ಬರೆದುಕೊಂಡಿದ್ದನ್ನೂ ನೋಡಿದ್ದೆ. ಆದರೂ 'ಇಲ್ಲ'. ಸುಳ್ಳು ಮಾಹಿತಿ ಕೊಟ್ಟು ಮೋಸ ಮಾಡಿದ್ದಾರೆ ಅಂತ ಯುಕೆಯವರು ತೀರ್ಮಾನಿಸಿದರೆ ಹತ್ತು ವರ್ಷ ವೀಸಾ ಸಿಗದೇ ಹೋಗಬಹುದು. ಹತ್ತು ವರ್ಷ! ಗಂಡ ಅಲ್ಲಿ, ನಾನು ಇಲ್ಲಿ. ಫಾರಂ ಕೊನೆಯಲ್ಲಿ ಎಲ್ಲಾ ನಿಜ ಅಂತ ಒಪ್ಪಿಕೊಳ್ಳುವುದು ನನ್ನ ಹೆಸರಲ್ಲಿ, ಏಜೆನ್ಸಿ ಹೆಸರಲ್ಲಿ ಅಲ್ಲ. ಸಿಕ್ಕಿಹಾಕಿಕೊಳ್ಳುವವಳು ನಾನೇ ಅಲ್ವಾ?

ಕೇಳಿದ್ದಕ್ಕೆ ಬಂದ ಉತ್ತರ, ಇದ್ದದ್ದು ಇದ್ದ ಹಾಗೆ: "ಎಲ್ಲರಿಗೂ ಹಾಗೇ ಹಾಕೋದು ಮೇಡಂ, ಯೆಸ್ ಅಂದ್ರೆ ಕೇಸ್ ವೀಕ್ ಆಗುತ್ತೆ." ನಾನು ದನಿ ಏರಿಸಿದ ಮೇಲೆ ಅವನ ದನಿಯೂ ಬದಲಾಯಿತು. "ನಿಮ್ಮ ಫೈಲ್ ನಮ್ಮ ಹತ್ರ ಇದೆ, ನೋಡ್ಕೊಂಡು ಮಾತಾಡಿ." ಅಪ್ಪ ಪಕ್ಕದಲ್ಲೇ ಕೂತು ಸ್ಪೀಕರ್‌ನಲ್ಲಿ ಇದನ್ನೆಲ್ಲಾ ಕೇಳಿಸಿಕೊಂಡರು. ಅಂಕಲ್ ಅಂಕಲ್ ಅಂದ ಬಾಯಿ ಅದೇ.

'ಫಂಡ್ ಶೋ' ಇನ್ನೊಂದು ಮೋಸ. ಗಂಡ ಅಥವಾ ಹೆಂಡತಿಗೆ ತೋರಿಸಬೇಕಾದ್ದು 285 ಪೌಂಡ್, 28 ದಿನ ಅಕೌಂಟಿನಲ್ಲಿ ಇರಬೇಕು, ಅಷ್ಟೇ. ಕೆಲಸ ಕೊಟ್ಟ ಕಂಪನಿಯೇ ಖರ್ಚು ನೋಡಿಕೊಳ್ಳುತ್ತೇವೆ ಅಂತ ತಾನು ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್‌ನಲ್ಲಿ ಬರೆದಿದ್ದರೆ ಅದೂ ಬೇಡ. ಇವರು ಅದಕ್ಕೆ ಲಕ್ಷಗಟ್ಟಲೆ ತೋರಿಸಬೇಕು ಅಂತ ಹೆದರಿಸಿ ಕಮಿಷನ್ ತಗೊಂಡರು. ವೀಸಾಕ್ಕೆ ಬೇಕಾದ ಟಿಬಿ ಟೆಸ್ಟಿಗೂ ತಮ್ಮ ಪರಿಚಯದ ಲ್ಯಾಬಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಯುಕೆ ಸರ್ಕಾರದ ಪಟ್ಟಿಯಲ್ಲಿರುವ ಕ್ಲಿನಿಕ್‌ನ ಸರ್ಟಿಫಿಕೇಟ್ ಮಾತ್ರ ನಡೆಯೋದು, ಹಾಗಾಗಿ ಇನ್ನೊಂದು ಸಲ ಮಾಡಿಸಬೇಕಾಯಿತು.

ಕೊನೆಗೆ ನಾನು, ನಮ್ಮವರು ಇಬ್ಬರೇ ವಿಡಿಯೋ ಕಾಲ್‌ನಲ್ಲಿ ಕೂತು ಹೊಸ ಅರ್ಜಿ ತುಂಬಿದೆವು. ಅಮೆರಿಕದ ರಿಜೆಕ್ಷನ್ ಇದ್ದ ಹಾಗೇ ಬರೆದೆವು. ಆಗ ವೀಸಾ ಫೀಸು 769 ಪೌಂಡ್ ಇತ್ತು, ನಮ್ಮವರು ತಮ್ಮ ಕಾರ್ಡಿಂದಲೇ ಕಟ್ಟಿದರು. ವೀಸಾ ಅರ್ಜಿ ಕೇಂದ್ರವಾದ ವಿಎಫ್‌ಎಸ್‌ಗೆ ಬೆರಳಚ್ಚು, ಫೋಟೋ ಕೊಡಲು ಹೇಗಿದ್ದರೂ ನಾವೇ ಹೋಗಬೇಕು, ಏಜೆನ್ಸಿಯವರು ಬಂದು ಕೊಡುವುದಿಲ್ಲ. ವೀಸಾ ಬಂತು.

ದುಡ್ಡು ಮಾತ್ರ ಬಂದಿಲ್ಲ. "ಸರ್ವೀಸ್ ಚಾರ್ಜ್ ನಾನ್ ರೀಫಂಡಬಲ್" ಅಂತಾರೆ. ಫೀಸೇ ಕಟ್ಟದೆ ಇಟ್ಟುಕೊಂಡ ದುಡ್ಡು ಸರ್ವೀಸ್ ಚಾರ್ಜ್ ಹೇಗಾಗುತ್ತೆ? ಸ್ಟೇಷನ್‌ನಲ್ಲಿ ಇದು ಸಿವಿಲ್ ಮ್ಯಾಟರ್ ಅಂದರು. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇವೆ, ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಫೀಸು ಇಲ್ಲ. 1915 ಗ್ರಾಹಕರ ಸಹಾಯವಾಣಿಗೂ ಫೋನ್ ಮಾಡಬಹುದು.

ನಿಮಗೆ ಹೇಳೋದು ಇಷ್ಟೇ. ಏಜೆನ್ಸಿಗೆ ಹೋಗಲೇಬೇಕು ಅಂದರೆ ಇಮೇಲ್ ನಿಮ್ಮದಿರಲಿ, ಕಾರ್ಡ್ ನಿಮ್ಮದಿರಲಿ, ಫಾರಂನ ಪ್ರತಿ ಸಾಲೂ ನೀವೇ ಓದಿ. ಗ್ಯಾರಂಟಿ ವೀಸಾ, ಎಂಬೆಸಿಯಲ್ಲಿ ನಮ್ಮವರಿದ್ದಾರೆ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಈಗಾಗಲೇ ಕಟ್ಟಿದ್ದರೆ ಇವತ್ತೇ ಜಿಡಬ್ಲ್ಯೂಎಫ್ ನಂಬರ್ ಕೇಳಿ, ವಾಟ್ಸಾಪ್ ಚಾಟ್ ಒಂದೂ ಅಳಿಸಬೇಡಿ.